ಶ್ರೀಮಂತ ಸಮಾಜದ ಸಾಲಗಾರ ವಿದ್ಯಾರ್ಥಿಗಳು

ಜೈನರಲ್ಲಿ ಬಡವರಿಲ್ಲ ಎಂಬ ಮಾತು ದೇಶದ ಎಲ್ಲ ಊರುಗಳಲ್ಲೂ ಚಲಾವಣೆಯಲ್ಲಿದೆ. 2001ರ ಜನಗಣತಿಯಲ್ಲಿ ಜೈನರ ಸಾಕ್ಷರತೆ ಶೇ. 94.1ರಷ್ಟಿದ್ದು, ಎಲ್ಲ ಪ್ರಮುಖ ಧರ್ಮೀಯರಿಗಿಂತ ಮುಂದಿತ್ತು. ಆ ಅಂಕೆಯನ್ನು ಸಮಾಜದ ವೇದಿಕೆಗಳಲ್ಲಿ ಅಭಿಮಾನದಿಂದ ಉಲ್ಲೇಖಿಸುವುದುಂಟು. ಆದರೆ ಸರಾಸರಿಯೆಂಬುದು ಮುಂಬಯಿಯ ವಜ್ರದ ವರ್ತಕನನ್ನೂ ಅಥಣಿಯ ಎರಡೆಕರೆ ಕಬ್ಬಿನ ರೈತನನ್ನೂ ಒಂದೇ ತಕ್ಕಡಿಗೆ ಹಾಕಿ ತೆಗೆದ ಲೆಕ್ಕ. ಚಿಕ್ಕೋಡಿ, ರಾಯಬಾಗ, ಹುಕ್ಕೇರಿಗಳಿಂದ ಹೊರಟು ಪುಣೆಯ ಕಾರ್ಖಾನೆಗಳಲ್ಲಿ, ಮುಂಬಯಿ ಉಪನಗರಗಳ ಅಂಗಡಿಗಳಲ್ಲಿ, ಹೈದರಾಬಾದಿನ ಗುಮಾಸ್ತಗಿರಿಯಲ್ಲಿ ನೆಲೆ ಕಂಡುಕೊಂಡ ಕನ್ನಡ ಜೈನ ಕುಟುಂಬಗಳ ಮಕ್ಕಳು ಈಗ ಎಂಜಿನಿಯರಿಂಗ್, ಫಾರ್ಮಸಿ, ಮ್ಯಾನೇಜ್‌ಮೆಂಟ್ ಕಾಲೇಜುಗಳ ಬಾಗಿಲಲ್ಲಿದ್ದಾರೆ. ಅವರ ಕೈಯಲ್ಲಿ ಅಂಕಪಟ್ಟಿಯೊಂದಿಗೆ ಸಾಲದ ಅರ್ಜಿಯೂ ಇದೆ. ಸಮಾಜದ ಸಿರಿವಂತಿಕೆಯ ಖ್ಯಾತಿಯೇ ಅವರ ಬಾಯಿ ಕಟ್ಟಿದೆ. ನೆರವು ಕೇಳಿದರೆ ಮನೆತನದ ಮರ್ಯಾದೆ ಹೋದೀತೆಂದು ತಂದೆ ಬಸದಿಯ ಟ್ರಸ್ಟಿಗಳಿಗಿಂತ ಮೊದಲು ಖಾಸಗಿ ಲೇವಾದೇವಿದಾರನನ್ನು ಕಾಣುತ್ತಾನೆ.

ಸರ್ಕಾರದ ಕಡೆಯಿಂದ ಬರುವುದೇನೆಂದು ನೋಡಿದರೆ ನಿರಾಶೆಗೆ ಕಾರಣವಿದೆ. 2014ರ ಜನವರಿ 27ರಂದು ಜೈನರಿಗೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರ ಸ್ಥಾನ ದೊರೆತಾಗ ಹಂಚಿದ ಸಿಹಿಯ ನೆನಪು ಹಲವರಿಗಿರಬಹುದು. ಆದರೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ನಿಗದಿಯಾದ ಕೌಟುಂಬಿಕ ವರಮಾನದ ಮಿತಿ ವರ್ಷಕ್ಕೆ 2 ಲಕ್ಷ ರೂಪಾಯಿ. ವೃತ್ತಿಪರ ಕೋರ್ಸುಗಳ ಯೋಜನೆಗೆ 2.5 ಲಕ್ಷ. ತಿಂಗಳಿಗೆ 25 ಸಾವಿರ ಗಳಿಸಿ ಅದರಲ್ಲೇ ಪುಣೆಯ ಬಾಡಿಗೆ ಕಟ್ಟುವವನು ಸರ್ಕಾರದ ದೃಷ್ಟಿಯಲ್ಲಿ ಬಡವನಲ್ಲ. ಅಲ್ಪಸಂಖ್ಯಾತ ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಜಾದ್ ಫೆಲೋಶಿಪ್ಪನ್ನು ಕೇಂದ್ರವು 2022–23ರಿಂದ ನಿಲ್ಲಿಸಿತು. ಬೇರೆ ಯೋಜನೆಗಳೊಂದಿಗೆ ಪುನರಾವರ್ತನೆಯಾಗುತ್ತದೆ ಎಂಬುದು ಕೊಟ್ಟ ಕಾರಣ. ಅಲ್ಪಸಂಖ್ಯಾತ ಪಟ್ಟದ ಬಗ್ಗೆ ಅಷ್ಟು ಹೋರಾಡಿದ ಸಮಾಜದ ನಾಯಕರು ಈ ಕಡಿತದ ಬಗ್ಗೆ ಆಡಿದ ಮಾತು ಎಷ್ಟು? ಇನ್ನು ಕರ್ನಾಟಕದ ‘ಅರಿವು’ ಸಾಲ ರಾಜ್ಯದ ನಿವಾಸಿಗಳಿಗೆ ಮೀಸಲು. ಪುಣೆಯಲ್ಲಿ ಹುಟ್ಟಿ ಬೆಳೆದ ಕನ್ನಡದ ಹುಡುಗಿಗೆ ಅದು ಅಜ್ಜನ ಊರಿನ ಜಾತ್ರೆಯಿದ್ದಂತೆ, ಸುದ್ದಿ ಮಾತ್ರ ತಲುಪುತ್ತದೆ.

2024ರ ನವೆಂಬರಿನಲ್ಲಿ ಕೇಂದ್ರ ಸಂಪುಟವು ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಒಳ್ಳೆಯ ಹೆಜ್ಜೆಯೆಂಬುದರಲ್ಲಿ ಸಂದೇಹವಿಲ್ಲ. ಅಡಮಾನವಿಲ್ಲದೆ, ಜಾಮೀನುದಾರರಿಲ್ಲದೆ ಸಾಲ. 8 ಲಕ್ಷದವರೆಗಿನ ವರಮಾನದ ಕುಟುಂಬಕ್ಕೆ 10 ಲಕ್ಷದವರೆಗಿನ ಸಾಲದ ಮೇಲೆ ಶೇ. 3ರ ಬಡ್ಡಿ ರಿಯಾಯಿತಿ. ಆದರೆ ಯೋಜನೆ ಅನ್ವಯಿಸುವುದು ಶ್ರೇಯಾಂಕದಲ್ಲಿ ಮೇಲಿರುವ ಸುಮಾರು 860 ಸಂಸ್ಥೆಗಳಿಗೆ ಮಾತ್ರ. ಬಡ್ಡಿ ರಿಯಾಯಿತಿಯೂ ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳಿಗೆ ಸೀಮಿತ. ಸಾಧಾರಣ ಅಂಕ ಪಡೆದು ಸಾಧಾರಣ ಖಾಸಗಿ ಕಾಲೇಜಿನಲ್ಲಿ ಸೀಟು ಹಿಡಿದವನು, ಎಂದರೆ ಹೆಚ್ಚಿನವರು, ಹಳೆಯ ದಾರಿಯಲ್ಲೇ ನಡೆಯಬೇಕು.

ಆ ಹಳೆಯ ದಾರಿಯ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡುವುದು ಅಗತ್ಯ. ಬಹುಪಾಲು ಹೆತ್ತವರು ಸಹಿ ಹಾಕುವಾಗ ಅದನ್ನು ನೋಡಿರುವುದಿಲ್ಲ. ನಾಲ್ಕು ವರ್ಷದ ಕೋರ್ಸಿಗೆ 7.5 ಲಕ್ಷ ಸಾಲ, ಶೇ. 10ರ ಬಡ್ಡಿ ಎಂದಿಟ್ಟುಕೊಳ್ಳೋಣ. ಪ್ರತಿ ವರ್ಷದ ಆರಂಭದಲ್ಲಿ ಬ್ಯಾಂಕು 1,87,500 ರೂಪಾಯಿ ಬಿಡುಗಡೆ ಮಾಡುತ್ತದೆ. ಓದು ಮುಗಿದು ಇನ್ನೊಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ‘ಕಂತಿಲ್ಲ’ ಎಂಬುದನ್ನು ಮನೆಮಂದಿ ‘ಬಡ್ಡಿಯಿಲ್ಲ’ ಎಂದು ಕೇಳಿಸಿಕೊಳ್ಳುತ್ತಾರೆ. ಬಡ್ಡಿಯಾದರೋ ಮೊದಲ ದಿನದಿಂದಲೇ ಓಡುತ್ತಿರುತ್ತದೆ. ಐದು ವರ್ಷಗಳಲ್ಲಿ ಸರಳ ಬಡ್ಡಿಯೇ 2,62,500 ರೂಪಾಯಿ ಸೇರಿ, ಮರುಪಾವತಿಯ ಮೊದಲ ದಿನ ಸಾಲ 10,12,500 ಆಗಿ ನಿಲ್ಲುತ್ತದೆ. ಹತ್ತು ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 13,380 ರೂಪಾಯಿ. ಮೊದಲ ನೌಕರಿಯಲ್ಲಿ 25 ಸಾವಿರ ಸಂಬಳದ ಹುಡುಗನು ಬೆಂಗಳೂರಿನಲ್ಲೋ ಚೆನ್ನೈಯಲ್ಲೋ ಕೋಣೆಯ ಬಾಡಿಗೆ ಕೊಟ್ಟು ಇದನ್ನು ಕಟ್ಟಬೇಕು. ಬಡ್ಡಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆಯಲ್ಲ ಎಂದು ಸಮಾಧಾನ ಹೇಳುವವರಿದ್ದಾರೆ. ಅಷ್ಟು ಸಂಬಳಕ್ಕೆ ತೆರಿಗೆಯೇ ಬಾರದು, ಹೊಸ ತೆರಿಗೆ ಪದ್ಧತಿಯಲ್ಲಿ ಆ ವಿನಾಯಿತಿಯೂ ಇಲ್ಲ. ಕಂತು ತಪ್ಪಿದರೆ ಮಗನೊಬ್ಬನ ಹೆಸರು ಕೆಡುವುದಿಲ್ಲ. ಸಹಸಾಲಗಾರನಾಗಿ ಸಹಿ ಹಾಕಿದ ತಂದೆಯ ಸಾಲದ ಚರಿತ್ರೆಯೂ ಕೆಟ್ಟು, ಊರಿನ ಜಮೀನಿನ ಮೇಲೋ ಅಂಗಡಿಯ ಸರಕಿನ ಮೇಲೋ ಅವನಿಗೆ ಹೊಸ ಸಾಲ ಹುಟ್ಟುವುದು ಕಷ್ಟವಾಗುತ್ತದೆ.

ಈಗ ಇದೇ ಲೆಕ್ಕದ ಇನ್ನೊಂದು ಮುಖ. ಓದಿನ ಅವಧಿಯ ಬಡ್ಡಿಯನ್ನು ಆಗಿಂದಾಗಲೇ ಕಟ್ಟುತ್ತ ಹೋದರೆ ಕಂತು 9,911 ರೂಪಾಯಿಗೆ ಇಳಿಯುತ್ತದೆ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ, ಹೀಗೆ ಬಡ್ಡಿ ಕಟ್ಟುವವರಿಗೆ ಶೇ. 1ರ ರಿಯಾಯಿತಿ ಕೊಡಲು ಅವಕಾಶವೂ ಇದೆ. ಅದಕ್ಕೆ ಬೇಕಾಗುವ ಹಣವೆಷ್ಟು? ಮೊದಲ ವರ್ಷ ತಿಂಗಳಿಗೆ ಸುಮಾರು 1,560, ಎರಡನೆಯ ವರ್ಷ 3,125, ಕೊನೆಗೆ 6,250 ರೂಪಾಯಿ. ಸಮಾಜದ ಟ್ರಸ್ಟೊಂದು ಒಬ್ಬ ವಿದ್ಯಾರ್ಥಿಯ ಬಡ್ಡಿಯನ್ನು ಐದು ವರ್ಷ ಹೊತ್ತರೆ 2,62,500 ರೂಪಾಯಿ ವೆಚ್ಚ; ವಿದ್ಯಾರ್ಥಿಗೆ ಹತ್ತು ವರ್ಷಗಳಲ್ಲಿ ಉಳಿಯುವುದು 4 ಲಕ್ಷಕ್ಕೂ ಮಿಕ್ಕಿ. ಪಂಚಕಲ್ಯಾಣದ ಮಂಟಪಕ್ಕೆ, ಅಭಿಷೇಕದ ಸವಾಲಿಗೆ ಸಂಜೆಯೊಂದರಲ್ಲಿ ಕೂಡುವ ಹಣವನ್ನು ಬಲ್ಲವರಿಗೆ ಈ ಮೊತ್ತದ ಗಾತ್ರ ವಿವರಿಸಬೇಕಿಲ್ಲ. ಪೂಜೆ ನಿಲ್ಲಲಿ ಎಂದು ಯಾರೂ ಹೇಳುತ್ತಿಲ್ಲ. ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನವೂ ಒಂದು. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದ್ದನ್ನು ಪ್ರತಿ ಸಮಾರಂಭದಲ್ಲೂ ಸ್ಮರಿಸುವ ಸಮಾಜ ಇದು.

ಇನ್ನೊಂದು ಸಂಕಟ ಮೊತ್ತಕ್ಕಿಂತ ಸಮಯದ್ದು. ಪ್ರವೇಶದ ಶುಲ್ಕ ಕಟ್ಟಲು ಕಾಲೇಜು ಕೊಡುವುದು ಕೆಲವೇ ದಿನ. ಬ್ಯಾಂಕಿನ ಮಂಜೂರಾತಿಗೆ ವಾರಗಳು ಬೇಕು. ವಸತಿಗೃಹದ ಮುಂಗಡ, ಲ್ಯಾಪ್‌ಟಾಪು, ಮೊದಲ ತಿಂಗಳ ಊಟ ಇವುಗಳಿಗೆ ಆ ನಡುವಿನ ದಿನಗಳಲ್ಲೇ ಕೈಯಿಂದ ಹಣ ಬೀಳಬೇಕು. ತಾಯಿಯ ಬಳೆ ಅಡವಿಗೆ ಹೋಗುವುದು, ಮೊಬೈಲ್ ಆ್ಯಪಿನ ಸಾಲ ಮನೆ ಹೊಕ್ಕುವುದು ಇಲ್ಲೇ. ಎರಡು ತಿಂಗಳ ಮಟ್ಟಿಗೆ ಬಡ್ಡಿಯಿಲ್ಲದ ಕೈಗಡ ಕೊಡುವ ನಿಧಿಯೊಂದು ಪ್ರತಿ ನಗರದ ಜೈನ ಸಂಘದಲ್ಲಿ ಇದ್ದರೆ, ಅದೇ ಹಣ ಬ್ಯಾಂಕಿನಿಂದ ಹಿಂದಿರುಗಿ ಮರುವರ್ಷ ಮತ್ತೊಬ್ಬರಿಗೆ ಒದಗುತ್ತದೆ.

ಕೊಡುವ ರೀತಿಯೂ ಬದಲಾಗಬೇಕು. ಸಭಾಂಗಣದಲ್ಲಿ ಹೆಸರು ಕೂಗಿ, ಹಾರ ಹಾಕಿಸಿ, ಫೋಟೊ ತೆಗೆಸಿ ಐದು ಸಾವಿರದ ಚೆಕ್ಕು ಕೊಡುವ ಪದ್ಧತಿಯಿಂದಾಗಿಯೇ ನಿಜವಾದ ಅಗತ್ಯವುಳ್ಳವರು ಅರ್ಜಿ ಹಾಕುವುದಿಲ್ಲ. ಹಣ ನೇರವಾಗಿ ಸಾಲದ ಖಾತೆಗೆ ಹೋಗಲಿ, ವರದಿಯಲ್ಲಿ ಸಂಖ್ಯೆ ಮಾತ್ರ ಇರಲಿ. ಇದೇ ಸಮಾಜದಲ್ಲಿ ಬೇರೆ ಮಾದರಿಯೂ ಇತ್ತು. ಕುಂಭೋಜದಲ್ಲಿ ಜೈನ ಕುಟುಂಬದಲ್ಲಿ ಹುಟ್ಟಿ, ಕೊಲ್ಹಾಪುರದ ಜೈನ ಬೋರ್ಡಿಂಗಿನಲ್ಲಿದ್ದು ಓದಿದ ಕರ್ಮವೀರ ಭಾವುರಾವ್ ಪಾಟೀಲರು 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆ ಕಟ್ಟಿದರು. ಸಾತಾರದ ಅವರ ವಸತಿಗೃಹದಲ್ಲಿ ಎಲ್ಲ ಜಾತಿಯ ಮಕ್ಕಳು ದುಡಿದು, ಒಟ್ಟಿಗೆ ಉಂಡು ಓದಿದರು. ಆ ಮಕ್ಕಳ ಊಟಕ್ಕೆಂದು ಪತ್ನಿ ಲಕ್ಷ್ಮೀಬಾಯಿಯವರು ಮೈಮೇಲಿನ ಒಡವೆ ಮಾರಿದರು. ಬಾಗಿಲನ್ನು ಜೈನರಿಗಷ್ಟೇ ತೆರೆಯಬೇಕೇ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿದೆ. ಲೌಕಿಕ ಕಾರಣವೂ ಒಂದುಂಟು: 1961ರ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದ ಮೇಲೆ ಒಂದೇ ಧರ್ಮದವರ ಹಿತಕ್ಕೆಂದು ಸ್ಥಾಪಿಸಿದ ದತ್ತಿ ಸಂಸ್ಥೆಗಳಿಗೆ ತೆರಿಗೆ ವಿನಾಯಿತಿಯ ತೊಡಕು ಎದುರಾಗಿದೆ.

ಪ್ರವೇಶದ ಋತು ಜೂನಿನಿಂದ ಆಗಸ್ಟಿನವರೆಗೆ. ಹೆಚ್ಚಿನ ಟ್ರಸ್ಟುಗಳು ವಿದ್ಯಾರ್ಥಿವೇತನದ ಅರ್ಜಿ ಕರೆಯುವುದು ಚಾತುರ್ಮಾಸ ಮುಗಿದು, ದೀಪಾವಳಿ ಕಳೆದ ಮೇಲೆ; ಚೆಕ್ಕು ಕೈಸೇರುವುದು ಮಹಾವೀರ ಜಯಂತಿಗೆ. ಅಷ್ಟರಲ್ಲಿ ಬಳೆ ಅಡವು ಬಿದ್ದು ಒಂಬತ್ತು ತಿಂಗಳಾಗಿರುತ್ತದೆ. ಬರುವ ಮಾರ್ಚಿನ ಆಯವ್ಯಯ ಸಭೆಯಲ್ಲಿ ಈ ದಿನಾಂಕವನ್ನು ಮೇ ತಿಂಗಳಿಗೆ ತರಲು ನಿರ್ಣಯವೊಂದು ಸಾಕು. ಅದಕ್ಕೆ ಒಂದು ರೂಪಾಯಿಯ ಹೆಚ್ಚುವರಿ ದೇಣಿಗೆಯೂ ಬೇಡ.