ಬಣ್ಣ ಬದಲಿಸುವ ಗಾಜಿಗೆ ಜೋಳದ ಪಿಷ್ಟ: ರೈತರು ಎಷ್ಟು ಆಸೆ ಇಡಬಹುದು?



ಕಳೆದ ಮುಂಗಾರಿನಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಲ್ಲಿ ಮುಸುಕಿನ ಜೋಳದ ಹೊಲ ನೋಡುತ್ತಿದ್ದಾಗ ರೈತರೊಬ್ಬರು ಕೇಳಿದರು: "ಸಾರ್, ಜೋಳದ ಪಿಷ್ಟದಿಂದ ಬಣ್ಣ ಬದಲಾಗೋ ಗಾಜು ಮಾಡ್ತಾರಂತೆ. ಅದಕ್ಕೇ ಅಂತ ಬೇರೆ ತಳಿ ಹಾಕಿದ್ರೆ ಜಾಸ್ತಿ ಬೆಲೆ ಸಿಗುತ್ತಾ?" ಸುದ್ದಿ ಸುಳ್ಳಲ್ಲ. ಬೆಲೆಯ ಮಾತು ಮಾತ್ರ ಬೇರೆ.

ಟಂಗ್‌ಸ್ಟನ್ ಆಕ್ಸೈಡಿನ ತೆಳುಪದರವು ವಿದ್ಯುತ್ತಿನಿಂದ ನೀಲಿಯಾಗುವುದನ್ನು ಎಸ್. ಕೆ. ದೇಬ್ ಅವರು 1969ರಲ್ಲಿ ಪ್ರಕಟಿಸಿದರು. ಎರಡು ಗಾಜುಗಳ ನಡುವೆ ಲಿಥಿಯಂ ಅಯಾನುಗಳು ಓಡಾಡಲು ಒಂದು ಮಾಧ್ಯಮ ಬೇಕು. ಟ್ರ್ಯಾಕ್ಟರ್ ಬ್ಯಾಟರಿಯಲ್ಲಿ ಆಸಿಡ್ ನೀರು ಮಾಡುವ ಕೆಲಸವೇ ಇದು. ಗಾಜಿನ ನಡುವೆ ನೀರು ತುಂಬಿದರೆ ಸೋರುತ್ತದೆ. ಆದ್ದರಿಂದ ಅಂಟಾದ ಜೆಲ್ ಹಾಕುತ್ತಾರೆ. ಪಿಷ್ಟವನ್ನು ನೀರಿನಲ್ಲಿ ಕಾಯಿಸಿ, ಗ್ಲಿಸರಿನ್ ಮತ್ತು ಲಿಥಿಯಂ ಲವಣ ಸೇರಿಸಿ ಇಂಥ ಜೆಲ್ ತಯಾರಿಸಬಹುದೆಂದು ಬ್ರೆಜಿಲ್ ದೇಶದ ಸಾವೊ ಪಾವ್ಲೊ ವಿಶ್ವವಿದ್ಯಾನಿಲಯದವರು ತೋರಿಸಿದ್ದಾರೆ. ನಮ್ಮ ಮಗ್ಗುಲಲ್ಲೇ, ಶಿವನಪುರದ ನ್ಯಾನೊ ಮತ್ತು ಮೃದು ವಸ್ತು ವಿಜ್ಞಾನ ಕೇಂದ್ರದಲ್ಲಿ ಬಣ್ಣ ಬದಲಿಸುವ ಗಾಜಿನ ಸಂಶೋಧನೆ ನಡೆದಿದೆ. ದೇವನಹಳ್ಳಿಯಲ್ಲಿ ಇಳಿಯುವ ಬೋಯಿಂಗ್ 787 ವಿಮಾನದ ಕಿಟಕಿಯೂ ಗುಂಡಿ ಒತ್ತಿದರೆ ಮಬ್ಬಾಗುತ್ತದೆ. ಅದರೊಳಗೂ ಜೆಲ್ ಇದೆ, ಜೋಳದ್ದಲ್ಲ.

ಈಗ ಲೆಕ್ಕಕ್ಕೆ ಬರೋಣ. ಜೆಲ್ ಪದರ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ದಪ್ಪವಿದೆಯೆಂದು ಇಟ್ಟುಕೊಳ್ಳಿ. ಒಂದು ಚದರ ಮೀಟರ್ ಗಾಜಿಗೆ ಸುಮಾರು 100 ಗ್ರಾಂ ಜೆಲ್ ಸಾಕು. ಅದರಲ್ಲಿ ಕಾಲು ಭಾಗ ಪಿಷ್ಟವಾದರೆ 25 ಗ್ರಾಂ. ಎಕರೆಗೆ 25 ಕ್ವಿಂಟಾಲ್ ಜೋಳ ಬಂದು, ಅದರಿಂದ 15 ಕ್ವಿಂಟಾಲ್ ಪಿಷ್ಟ ತೆಗೆದರೆ 60,000 ಚದರ ಮೀಟರ್ ಗಾಜಿಗೆ ಆಗುತ್ತದೆ. ಎಂದರೆ ಒಂದು ಎಕರೆಯ ಜೋಳ ಹದಿನೈದು ಎಕರೆ ಗಾಜಿಗೆ ಸಾಕು! ಇಂಥ ಬೇಡಿಕೆಯಿಂದ ಮಾರುಕಟ್ಟೆಯಲ್ಲಿ ಜೋಳದ ಧಾರಣೆ ಏರುವುದೆಂದು ನಾನು ನಂಬುವುದಿಲ್ಲ.

ಇನ್ನು ಬೇರೆ ತಳಿಯ ವಿಚಾರ. ರಾತ್ರಿಯ ಗಂಜಿ ಬೆಳಿಗ್ಗೆ ಗಟ್ಟಿಯಾಗಿ ನೀರು ಬಿಡುವುದನ್ನು ಎಲ್ಲರೂ ಕಂಡಿದ್ದೀರಿ. ಪಿಷ್ಟದಲ್ಲಿರುವ ಅಮೈಲೋಸ್ ಎಳೆಗಳು ಮತ್ತೆ ಒಂದಕ್ಕೊಂದು ಹೆಣೆದುಕೊಳ್ಳುವುದೇ ಇದಕ್ಕೆ ಮುಖ್ಯ ಕಾರಣ. ಸಾಧಾರಣ ಜೋಳದ ಪಿಷ್ಟದಲ್ಲಿ ಅಮೈಲೋಸ್ ಸುಮಾರು ಕಾಲು ಭಾಗವಿರುತ್ತದೆ. ಗಾಜಿನೊಳಗೂ ಜೆಲ್ ಹೀಗೆಯೇ ಕೆಡಬಹುದು; ಕಿಟಕಿಯಾದರೋ ವರ್ಷಾನುಗಟ್ಟಲೆ ಬಾಳಬೇಕು. ಅಮೈಲೋಸ್ ಇಲ್ಲವೆನ್ನುವಷ್ಟು ಕಡಿಮೆ ಇರುವ ಮೇಣದ ಜೋಳ ಎಂಬ ಬಗೆಯುಂಟು. ಅದರ ಗಂಜಿ ಬೇಗ ಗಟ್ಟಿಯಾಗದು. ಆದರೆ ಆ ಗುಣ ಹಿಂಜರಿಯುವಂಥದು. ಪಕ್ಕದ ಹೊಲದ ಸಾಧಾರಣ ಜೋಳದ ಪರಾಗ ತೆನೆಯ ರೇಷ್ಮೆಯ ಮೇಲೆ ಬಿದ್ದರೆ ಅದೇ ವರ್ಷ ಆ ಕಾಳು ಸಾಧಾರಣ ಕಾಳಾಗುತ್ತದೆ. ಬದುವಿಗೆ ಬದು ತಾಗಿದಂತೆ ಜೋಳ ಬೆಳೆಯುವಲ್ಲಿ ಅರ್ಧ ಎಕರೆಯ ರೈತ ಅದನ್ನು ಶುದ್ಧವಾಗಿ ಉಳಿಸಿಕೊಳ್ಳುವುದು ಹೇಗೆ? ಕಲಬೆರಕೆಯೆಂದು ಮಾಲು ತಿರಸ್ಕರಿಸಿದರೆ ನಷ್ಟ ಯಾರ ತಲೆಗೆ?

ಇದರಲ್ಲಿ ನಮ್ಮ ತಪ್ಪೂ ಇದೆ. ಪ್ರಯೋಗಾಲಯದಲ್ಲಿ ಅಂಗೈಯಗಲದ ಗಾಜು ನೀಲಿಯಾದೊಡನೆ ವಿಜ್ಞಾನಿಗಳಾದ ನಾವು ವೇದಿಕೆ ಹತ್ತಿ "ರೈತರಿಗೆ ಹೊಸ ಮಾರುಕಟ್ಟೆ" ಎಂದುಬಿಡುತ್ತೇವೆ. ಸಂಶೋಧನೆ ನಡೆಯಲೇಬೇಕು, ಪೆಟ್ರೋಲಿಯಂ ಮೂಲದ ವಸ್ತುವಿನ ಬದಲು ಬೆಳೆಯ ಪಿಷ್ಟ ಬಳಕೆಗೆ ಬಂದರೆ ನನಗೂ ಸಂತೋಷವೇ. ಅದರ ಲಾಭ ಮೊದಲು ಸೇರುವುದು ಪಿಷ್ಟ ಶುದ್ಧೀಕರಿಸುವವರಿಗೆ ಎಂಬುದನ್ನೂ ನಾವು ಅದೇ ವೇದಿಕೆಯಲ್ಲಿ ಹೇಳಬೇಕು.

ಸದ್ಯಕ್ಕೆ ನಿಮ್ಮ ಕೈಯಲ್ಲಿರುವ ಲಾಭ ಒಕ್ಕಣೆಯ ಕಣದಲ್ಲಿದೆ. ತೇವಾಂಶ 12-14ಕ್ಕೆ ಇಳಿಯುವವರೆಗೆ ಕಾಳು ಒಣಗಿಸಿ, ಬೂಷ್ಟು ಹಿಡಿಯದಂತೆ ನೋಡಿಕೊಳ್ಳಿ. ಗಾಜಿನ ಕಾರ್ಖಾನೆಯ ಹೆಸರು ಹೇಳಿ ದುಬಾರಿ ಬೀಜ ಕೊಡಲು ಯಾರಾದರೂ ಬಂದರೆ, ಎಷ್ಟು ಕ್ವಿಂಟಾಲ್, ಯಾವ ದರಕ್ಕೆ, ಮಾಲು ತಿರಸ್ಕರಿಸಿದರೆ ಬೀಜದ ಹಣ ಯಾರು ಕೊಡುತ್ತಾರೆ ಎಂಬುದನ್ನು ಬರೆದುಕೊಡಲು ಕೇಳಿ. ಆ ಕಾಗದಕ್ಕೆ ಸಹಿ ಹಾಕುವ ಮುನ್ನ ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ತಂದು ತೋರಿಸಿ.