ಮೂತ್ರದ ಕಿಟ್ ನೋಡಿ ಲೈಸೆನ್ಸ್ ಕಿತ್ತುಕೊಳ್ಳುವುದನ್ನು ನಿಲ್ಲಿಸಲು ಕೋರಿ ಮನವಿ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು,
ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ

ಇಂದ: ತಾಲ್ಲೂಕು ಲಾರಿ ಚಾಲಕರು ಮತ್ತು ಮಾಲೀಕರ ಸಂಘ

ವಿಷಯ: ಗಾಂಜಾ ಸೇವನೆ ಆರೋಪದ ಮೇಲೆ ನಡೆಯುತ್ತಿರುವ ಚಾಲಕರ ತಪಾಸಣಾ ಕ್ರಮ ಸರಿಪಡಿಸುವ ಕುರಿತು.
ಉಲ್ಲೇಖ: ಸಂಘದ ಹಿಂದಿನ ಮನವಿಗಳು (ಸ್ವೀಕೃತಿ ಪ್ರತಿ ಲಗತ್ತಿಸಿದೆ; ಉತ್ತರ ಬಂದಿಲ್ಲ).

ಮಾನ್ಯರೇ,

ಮೇಲ್ಕಂಡ ವಿಷಯವಾಗಿ ತಮ್ಮಲ್ಲಿ ವಿನಂತಿಸುವುದೇನೆಂದರೆ, ಅಮಲಿನಲ್ಲಿ ಸ್ಟೇರಿಂಗ್ ಹಿಡಿದವನ ಪರವಾಗಿ ನಾವು ಒಂದು ಮಾತೂ ಆಡುವುದಿಲ್ಲ. ಅಂಥವನಿಂದ ಮೊದಲು ಸಾಯುವವರು ಎದುರು ಲಾರಿಯಲ್ಲಿರುವ ನಾವೇ. ಆದರೆ ಹೆದ್ದಾರಿಯ ತಪಾಸಣಾ ಸ್ಥಳವೊಂದರಲ್ಲಿ ರಾತ್ರಿ ಗಾಡಿ ತಡೆದು, ಚಾಲಕನ ಕೈಗೆ ಪ್ಲಾಸ್ಟಿಕ್ ಲೋಟ ಕೊಟ್ಟು, ಹಿಂದಿನ ಚಕ್ರದ ಮರೆಗೆ ಕಳಿಸಿ, ಟಾರ್ಚ್ ಬಿಟ್ಟು ಮೂತ್ರ ತರಿಸುತ್ತಾರೆ. ಮೂತ್ರ ಪರೀಕ್ಷೆಯ ಕಿಟ್ಟಿನಲ್ಲಿ ಎರಡನೆಯ ಗೆರೆ ಮೂಡದಿದ್ದರೆ (ಗಾಂಜಾ ಇದೆ ಎಂದರ್ಥ) ಮುಗಿಯಿತು, ಲೈಸೆನ್ಸ್ ಅಲ್ಲೇ ಜಪ್ತಿ.

ಮೋಟಾರು ವಾಹನ ಕಾಯ್ದೆಯ 185ನೇ ಕಲಮನ್ನು ತಮಗೆ ನಾವು ಓದಿ ಹೇಳಬೇಕಿಲ್ಲ. ಮದ್ಯಕ್ಕೆ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ಎಂಬ ಮಿತಿಯುಂಟು. ಮಾದಕ ವಸ್ತುವಿಗೆ ಅಂಥ ಅಂಕಿಯೇ ಇಲ್ಲ. ವಾಹನದ ಮೇಲೆ ಸರಿಯಾದ ಹಿಡಿತ ಇಡಲಾಗದಷ್ಟು ಅಮಲಿದ್ದರೆ ಮಾತ್ರ ಅಪರಾಧ. ಆದರೆ ಅಮಲು ಇಳಿದು ದಿನಗಳಾದರೂ, ನಿತ್ಯ ಸೇದುವವರಲ್ಲಿ ವಾರಗಳಾದರೂ, ಮೂತ್ರದಲ್ಲಿ ಗಾಂಜಾದ ಶೇಷ ಸಿಗುತ್ತದೆ. ನಮ್ಮ ಸದಸ್ಯರೊಬ್ಬರು ಶಿವರಾತ್ರಿಯಂದು ಭಂಗಿ ಕುಡಿದಿದ್ದರು. ಎರಡು ದಿನ ಮನೆಯಲ್ಲಿದ್ದು ಆಮೇಲೆ ಲೋಡ್ ಹತ್ತಿಸಿ ಹೊರಟವರು ಸಿಕ್ಕಿಬಿದ್ದರು. ಅವರ ವೇಬ್ರಿಡ್ಜ್ ಚೀಟಿ, ಟೋಲ್ ರಸೀದಿ, ಜಿಪಿಎಸ್ ದಾಖಲೆ, ಕಿಟ್ಟಿನ ಫೋಟೊ, ಮರುದಿನದ ವೈದ್ಯರ ಪತ್ರ, ಜಪ್ತಿ ಚೀಟಿ, ಕ್ಲೀನರ್‌ನ ಹೇಳಿಕೆ ಎಲ್ಲವನ್ನೂ ಲಗತ್ತಿಸಿದ್ದೇವೆ. ದಯವಿಟ್ಟು ಈ ಸಲವಾದರೂ ತೆರೆದು ನೋಡಬೇಕು.

ಬಂಧಿಸಿದರೆ ಎರಡು ಗಂಟೆಯೊಳಗೆ ನೋಂದಾಯಿತ ವೈದ್ಯರ ಪರೀಕ್ಷೆ, ಇಲ್ಲದಿದ್ದರೆ ಬಿಡುಗಡೆ ಎನ್ನುತ್ತದೆ 202ನೇ ಕಲಂ. ಅದಕ್ಕೇ ಬಂಧನವೆಂದು ಬರೆಯುವುದೇ ಇಲ್ಲ. ಬೆಳಗಿನ ತನಕ ಬೆಂಚಿನ ಮೇಲೆ ಕೂರಿಸುತ್ತಾರೆ. ಇದನ್ನು ಯಾವ ಕಲಮಿನಡಿ ಮಾಡುತ್ತಾರೆಂದು ಕೇಳುವ ಹಕ್ಕು ನಮಗಿಲ್ಲವೇ?

ಇದೇ ಪ್ರಶ್ನೆ ಹೊರದೇಶದಲ್ಲೂ ಎದ್ದಿತ್ತು. ಅಮೆರಿಕದ ಅರಿಜೋನಾದಲ್ಲಿ ಗಾಂಜಾದ ಶೇಷ ಕಂಡರೂ ಅಪರಾಧವೆಂದು ಕಾನೂನು ಹಚ್ಚುತ್ತಿದ್ದರು. 2014ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್, ಅಮಲು ತರದ ಶೇಷ ಮಾತ್ರ ಇದ್ದರೆ ಶಿಕ್ಷೆ ಸಲ್ಲದು ಎಂದಿತು. ಕೊಲೊರಾಡೊದಲ್ಲಿ ಮಿಲಿಲೀಟರ್ ರಕ್ತಕ್ಕೆ 5 ನ್ಯಾನೊಗ್ರಾಂ ಟಿಎಚ್‌ಸಿ (ಗಾಂಜಾದಲ್ಲಿ ಅಮಲು ತರುವ ಅಂಶ) ಎಂಬ ಗುರುತಿದೆ. ಅದು ಮೀರಿದರೂ ತನಗೆ ಅಮಲಿರಲಿಲ್ಲವೆಂದು ವಾದಿಸಲು ಚಾಲಕನಿಗೆ ಅವಕಾಶವಿದೆ. ನಮ್ಮವರಿಗೆ ಲೈಸೆನ್ಸ್ ಕಳೆದುಕೊಳ್ಳುವ ಮುನ್ನ 19ನೇ ಕಲಮಿನಂತೆ ಅಹವಾಲು ಹೇಳಿಕೊಳ್ಳುವ ಅವಕಾಶವೂ ಸಿಗುತ್ತಿಲ್ಲ.

ಆದ್ದರಿಂದ ಕಿಟ್ಟಿನ ಫಲಿತಾಂಶವೊಂದನ್ನೇ ಹಿಡಿದು 185 ಹಚ್ಚಬಾರದು. ವೈದ್ಯರು ಚಾಲಕನ ನಡಿಗೆ, ಮಾತು, ಕಣ್ಣು ನೋಡಿ ಬರೆದ ವರದಿ ಮತ್ತು ರಕ್ತಪರೀಕ್ಷೆ ಇರಲೇಬೇಕು. ಜಪ್ತಿಯಾದ ಲೈಸೆನ್ಸ್‌ಗಳ ಬಗ್ಗೆ ಚಾಲಕರ ಮಾತು ಕೇಳಿ ತೀರ್ಮಾನಿಸಬೇಕು. ಇದೇ ಸಂದರ್ಭದಲ್ಲಿ ತಪಾಸಣಾ ಸ್ಥಳಕ್ಕೆ ಶೌಚಾಲಯ, ಕುಡಿಯುವ ನೀರು, ಬೀದಿದೀಪ ಒದಗಿಸಬೇಕೆಂದೂ ಕೋರುತ್ತೇವೆ. ಸಂಘದ ಖಜಾಂಚಿಯವರ ಎರಡು ಲಾರಿಗಳು ಈರುಳ್ಳಿ ಲೋಡಿನ ಸಮಯದಲ್ಲೇ ನಿಂತಿರುವುದರಿಂದ ಅವುಗಳ ಚಾಲಕರ ಕಡತವನ್ನು ಮೊದಲು ಕೈಗೆತ್ತಿಕೊಳ್ಳಬೇಕು. 

15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ಲೋಡಿಂಗ್ ನಿಲ್ಲಿಸಿ ತಮ್ಮ ಕಚೇರಿಯ ಮುಂದೆ ಕೂರುವುದು ಅನಿವಾರ್ಯವಾಗುತ್ತದೆ.


ತಮ್ಮ ವಿಶ್ವಾಸಿಗಳು,
ಅಧ್ಯಕ್ಷರು, ಕಾರ್ಯದರ್ಶಿ ಮತ್ತು ಸರ್ವ ಸದಸ್ಯರು