ಕರುಳಿನ ಆರೋಗ್ಯ ನಳದಿಂದ ಶುರುವಾಗಲಿ

ಕರುಳಿನ ಆರೋಗ್ಯಕ್ಕೆ ಈಗ ದೊಡ್ಡ ಮಾರುಕಟ್ಟೆಯಿದೆ. ಪ್ರೊಬಯಾಟಿಕ್ ಮಾತ್ರೆ, ಪಾನೀಯಗಳು ಬೆಳಗಾವಿಯ ಔಷಧ ಅಂಗಡಿಗಳಲ್ಲೂ ಸಿಗುತ್ತವೆ. ಖಾನಾಪುರದ ಕಾಡಂಚಿನ ಮಗುವಿಗೆ ಬೇಕಾದದ್ದು ಮಾತ್ರ ಅಲ್ಲಿ ಸಿಗುವುದಿಲ್ಲ.

ದೇಹದ ಸಿರೊಟೊನಿನ್‌ನಲ್ಲಿ ಸುಮಾರು ಶೇ 90ರಷ್ಟು ತಯಾರಾಗುವುದು ಕರುಳಿನಲ್ಲಿ. ಅದು ನೇರವಾಗಿ ಮಿದುಳನ್ನು ಸೇರುವುದಿಲ್ಲ. ಹಾಗಾಗಿ ಹೊಟ್ಟೆ ಸರಿಹೋದರೆ ಖಿನ್ನತೆಯೂ ಹೋಗುತ್ತದೆ ಎಂಬ ಜಾಹೀರಾತಿನ ಮಾತನ್ನು ನಂಬಬೇಕಿಲ್ಲ. ಕರುಳು ಇಡೀ ದೇಹವನ್ನು ಹೇಗೆ ಬಾಧಿಸುತ್ತದೆ ಎಂಬುದಕ್ಕೆ ನಮ್ಮ ಮಕ್ಕಳ ಎತ್ತರವೇ ಸ್ಪಷ್ಟ ಸಾಕ್ಷಿ. ಮಲದ ಕಲ್ಮಶ ಬೆರೆತ ನೀರು, ಮಣ್ಣು ದಿನವೂ ಬಾಯಿ ಸೇರುತ್ತಿದ್ದರೆ, ಭೇದಿ ಕಾಣಿಸದಿದ್ದರೂ ಸಣ್ಣ ಕರುಳಿನ ಒಳಪದರ ಸವೆಯುತ್ತದೆ. ಪೋಷಕಾಂಶ ಹೀರುವ ಶಕ್ತಿ ಕುಗ್ಗುತ್ತದೆ. ಸೂಕ್ಷ್ಮಾಣುಗಳ ಅಂಶ ರಕ್ತಕ್ಕೆ ಸೋರಿ ಒಳಗೊಳಗೇ ಉರಿಯೂತ ಏಳುತ್ತದೆ. ಬಾಯಿಗೆ ಹಾಕುವ ಲಸಿಕೆಗಳೂ ಅಂಥ ಮಕ್ಕಳಲ್ಲಿ ಸರಿಯಾಗಿ ಫಲಿಸುವುದಿಲ್ಲ ಎಂಬ ಶಂಕೆಯಿದೆ. ಅಂಗನವಾಡಿಯ ಮೊಟ್ಟೆ ತಿಂದರೂ ಮೈ ಹತ್ತುವುದಿಲ್ಲ.

ಊಟ ಮುಖ್ಯವಲ್ಲ ಎಂದಲ್ಲ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಸಂಶೋಧಕರೂ ಪಾಲ್ಗೊಂಡ ‘ವುಮೆನ್ ಫಸ್ಟ್’ ಅಧ್ಯಯನದಲ್ಲಿ, ಗರ್ಭ ಧರಿಸುವ ಮೊದಲೇ ಅಥವಾ ಮೂರನೇ ತಿಂಗಳ ಹೊತ್ತಿಗೆ ಪೂರಕ ಆಹಾರ ಆರಂಭಿಸಿದ ತಾಯಂದಿರ ಶಿಶುಗಳು ಹುಟ್ಟುವಾಗ ಹೆಚ್ಚು ಉದ್ದವಿದ್ದವು. ಆ ಗಳಿಕೆಯನ್ನು ಹುಟ್ಟಿದ ಮೇಲೆ ಕೊಳಕು ನೀರು ಕಸಿಯಬಾರದು.

ನೀರಿನ ವಿಷಯದಲ್ಲಿ ಪಾಠ ಹತ್ತಿರದಲ್ಲೇ ಇದೆ. ಬೆಳಗಾವಿ, ಹುಬ್ಬಳ್ಳಿ–ಧಾರವಾಡ, ಕಲಬುರಗಿಯ ಕೆಲವೇ ವಾರ್ಡುಗಳಲ್ಲಿ 2008ರ ಹೊತ್ತಿಗೆ ದಿನದ 24 ಗಂಟೆ ನೀರು ಬಂತು. ಕೊಳವೆ ಬರಿದಾಗಿದ್ದಾಗ ಬಿರುಕಿನಿಂದ ಚರಂಡಿ ನೀರು ಒಳನುಗ್ಗಬಹುದು; ಸದಾ ಒತ್ತಡವಿದ್ದರೆ ಆ ಭಯ ಕಡಿಮೆ. ಹುಬ್ಬಳ್ಳಿ–ಧಾರವಾಡದಲ್ಲಿ ನಡೆದ, 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ನಿರಂತರ ನೀರಿದ್ದ ಕಡೆ ಟೈಫಾಯ್ಡ್ ಕಂಡ ಮನೆಗಳು ಶೇ 42ರಷ್ಟು ಕಡಿಮೆ. ಬಡ ಕುಟುಂಬಗಳ ಮಕ್ಕಳಲ್ಲಿ ರಕ್ತಭೇದಿಯೂ ಇಳಿದಿತ್ತು. ಸಾಮಾನ್ಯ ಭೇದಿ ಮಾತ್ರ ಒಟ್ಟಾರೆ ತಗ್ಗಲಿಲ್ಲ, ಮಕ್ಕಳ ತೂಕವೂ ಏರಲಿಲ್ಲ. ಬಾಂಗ್ಲಾದೇಶ, ಕೆನ್ಯಾಗಳಲ್ಲಿ ಮನೆಮಟ್ಟದ ನೀರು, ಶೌಚಾಲಯ, ಕೈತೊಳೆಯುವ ಕಾರ್ಯಕ್ರಮಗಳಿಂದ ಮಕ್ಕಳ ಎತ್ತರ ಹೆಚ್ಚಲಿಲ್ಲ ಎಂದು 2018ರ ವರದಿಗಳು ಹೇಳಿದವು. ನನ್ನ ದೃಷ್ಟಿಯಲ್ಲಿ ಇದು ಕೈಚೆಲ್ಲಲು ನೆಪವಲ್ಲ; ಅರೆಬರೆ ಕೆಲಸ ಸಾಲದು ಎಂಬುದಕ್ಕೆ ಪುರಾವೆ. ನೀರು, ಒಳಚರಂಡಿ, ಅಂಗಳ ಮೂರೂ ಒಟ್ಟಿಗೆ ಶುದ್ಧವಾಗಬೇಕು.

ತಟ್ಟೆಯ ವಿಷಯದಲ್ಲಿ ನಮಗೆ ದಾರಿ ಗೊತ್ತೇ ಇದೆ. ಜೋಳದಲ್ಲಿ 100 ಗ್ರಾಂಗೆ ಸುಮಾರು 10 ಗ್ರಾಂ ನಾರಿದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೂರಕ್ಕಿಂತ ಕಡಿಮೆ. ಕರುಳಿನ ಒಳ್ಳೆಯ ಸೂಕ್ಷ್ಮಾಣುಗಳು ಬದುಕುವುದು ಈ ನಾರಿನ ಮೇಲೆ. ಪಡಿತರದಲ್ಲಿ ಜೋಳಕ್ಕೆ ಖಾಯಂ ಜಾಗ ಬೇಕು. ನೀರು ನೀರಾದ ಭೇದಿಗೆಲ್ಲ ಆ್ಯಂಟಿಬಯಾಟಿಕ್ ಕೊಡುವ ಚಾಳಿಯೂ ನಿಲ್ಲಬೇಕು. ಅದು ಈ ಸೂಕ್ಷ್ಮಾಣುಗಳನ್ನೂ ಕೊಲ್ಲುತ್ತದೆ.

ಖಾನಾಪುರದ ಆಮಗಾಂವ, ಗವಾಳಿಯಂಥ ಊರುಗಳಿಗೆ ಮಳೆಗಾಲದಲ್ಲಿ ದಾರಿಯೇ ಕಷ್ಟ. ಮೇ ಮುಗಿಯುವುದರೊಳಗೆ ಅಲ್ಲಿನ ಬಾವಿ, ಝರಿಗಳ ನೀರಿನ ಪರೀಕ್ಷೆ ಆಗಬೇಕು. ಫಲಿತಾಂಶ ಪಂಚಾಯಿತಿ ಗೋಡೆಯ ಮೇಲೆ ಕನ್ನಡ, ಮರಾಠಿ ಎರಡರಲ್ಲೂ ಕಾಣಬೇಕು. ಆಶಾ ಕಾರ್ಯಕರ್ತೆಯ ಕೈಯಲ್ಲಿ ಇಡೀ ಮಳೆಗಾಲಕ್ಕೆ ಸಾಲುವಷ್ಟು ಓಆರ್‌ಎಸ್, ಜಿಂಕ್ ಮಾತ್ರೆ ಇರಬೇಕು.